ಹುಳ ಹಣ್ಣಾದ ದಿನ ಬಂದವರು

ಕಳೆದ ಭಾನುವಾರ ಜಂಗಮಕೋಟೆಯಲ್ಲಿ ಬಸ್ಸಿಳಿದು ಗೆಳತಿ ಸರೋಜಳ ಮನೆಯ ಹಿತ್ತಲಿಗೆ ಬರುವ ಹೊತ್ತಿಗೆ ಎರಡು ವಾಸನೆಗಳು ಒಟ್ಟಿಗೇ ಮೂಗಿಗೆ ಬಡಿದವು. ಒಂದು ಅವರೆಕಾಯಿಯ ಸೊಗಡು. ಇನ್ನೊಂದು ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ. ಇವೆರಡೂ ಒಂದೇ ಗಾಳಿಯಲ್ಲಿ ಸಿಗುವ ಜಾಗ ಪ್ರಪಂಚದಲ್ಲಿ ಇನ್ನೊಂದು ಇರಲಾರದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ರೇಷ್ಮೆ ಸಾಕುವ ಹುಳದ ಮನೆಯ ಬಾಗಿಲು ತೆರೆದಿತ್ತು. ಬೆಳೆ ಇಳಿಸಿ ಗೂಡು ಮಾರಿ ಆಗಿತ್ತು, ಖಾಲಿ ಮನೆಯೊಳಗೆ ಯಾರು ಯಾರೋ ಮಾತಾಡಿ ನಗುತ್ತಿದ್ದರು. ಜಗಲಿಯ ಮೇಲೆ ಚಪ್ಪಲಿ ಬಿಟ್ಟವಳು ಅಲ್ಲೇ ನಿಂತುಬಿಟ್ಟೆ. ಕೆಲವು ವರ್ಷಗಳ ಹಿಂದಿನ ಒಂದು ಅವರೆ ಕಾಲ ನೆನಪಾಗಿ ಕಾಲು ಮುಂದೆ ಬರಲಿಲ್ಲ.

ಆ ವರ್ಷ ನಮ್ಮ ಚಂದ್ರಿಕೆ ಸಾಯುವುದರಲ್ಲಿತ್ತು. ಚಂದ್ರಿಕೆ ಅಂದರೆ ಯಾರದೋ ಮಗಳಲ್ಲ, ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ, ಚಿತ್ರ ಮೂಡಿಸುವ ಹಲಗೆ. ಅಂಗಡಿಯಲ್ಲಿ ಕೊಳ್ಳುವ ಕಾರ್ಡಿನೊಳಗೆ ಏನಿದೆ ಎಂದು ಕೊಂಡವನಿಗೂ ಯಾರೂ ಹೇಳುವುದಿಲ್ಲ. ನಾನು ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಹುಡುಗರು "ಇದು ಚಿತ್ರ ಹೆಂಗ್ ಬರೆಯುತ್ತೆ ಮೇಡಂ?" ಎಂದು ಕೇಳಿದಾಗ ಮುಚ್ಚಿದ ಕರಿ ಡಬ್ಬಿ ತೋರಿಸಿ ಸುಮ್ಮನಾಗಬೇಕಾಗಿತ್ತು. ಸುಮ್ಮನಾಗುವುದು ನನ್ನ ಜಾಯಮಾನವಲ್ಲ. ನನ್ನ ಜೊತೆ ಅದೇ ಕಾಲೇಜಿನಲ್ಲಿದ್ದ ಕೆಂಚಾರ್ಲಹಳ್ಳಿಯ ಮುನಿರಾಜು ಮತ್ತು ನಾನು ಸೇರಿ ನಮ್ಮದೇ ಕಾರ್ಡು ಶುರು ಮಾಡಿದೆವು. ಅದರ ನಕ್ಷೆ, ಒಳಗಿನ ಲೆಕ್ಕಾಚಾರ, ನಾವು ಮಾಡಿದ ತಪ್ಪುಗಳು ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟೆವು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಾವೇ ಮಾಡಿಕೊಳ್ಳಬಹುದು. ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಗೆ ನಮ್ಮ ಕಡೆ ಚಂದ್ರಿಕೆ ಎನ್ನುತ್ತಾರೆ. ಅದರ ಮೇಲೆ ಸಾಲು ಸಾಲಾಗಿ ಸುತ್ತಿದ ಬಿದಿರಿನ ಪಟ್ಟಿ ನೋಡಿ, ಪರದೆಯ ಮೇಲೆ ಚಿತ್ರವೂ ಹೀಗೇ ಸಾಲು ಸಾಲಾಗಿ ಬರುವುದಲ್ಲವೇ ಎಂದುಕೊಂಡು ಆ ಹೆಸರಿಟ್ಟಿದ್ದು ನಾನು.

ಹೆಸರೇನೋ ಚೆನ್ನಾಗಿತ್ತು. ಕೆಲಸ ಮಾಡುವ ಕೈ ಇರಲಿಲ್ಲ. ನನ್ನ ಕಣ್ಣು ಮಂಜಾಗತೊಡಗಿತ್ತು, ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಬೆಸೆಯುವುದು ಆಗುತ್ತಿರಲಿಲ್ಲ. ಹೊಸಬರು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದರು, ಎರಡೇ ವಾರದಲ್ಲಿ ಕಾಣೆಯಾಗುತ್ತಿದ್ದರು. ಮುನಿರಾಜು ಅವರಿಗಾಗಿ ಬರೆದಿಟ್ಟ ಸ್ವಾಗತದ ಪಾಠ ಓದಿದರೆ ನಾನೇ ಓಡಿಹೋಗುತ್ತಿದ್ದೆನೇನೋ. ಕಾರ್ಡಿನ ಪೂರ್ತಿ ಚರಿತ್ರೆ, ನಿಯಮಗಳು, ಮಾಡಬಾರದ ಕೆಲಸಗಳು, ಆಮೇಲೆ ವಿಡಿಯೋದಲ್ಲಿ ಒಂದು ಉದ್ದನೆಯ ಭಾಷಣ. ಎಲ್ಲವೂ ಅರ್ಥವಾದ ಮೇಲೆಯೇ ಕೈ ಹಾಕಬೇಕು ಎಂಬುದು ಅವನ ಸಿದ್ಧಾಂತ. ಕೈ ಹಾಕದೆ ಅರ್ಥವಾಗುವುದಾದರೂ ಹೇಗೆ ಎಂಬುದು ನನ್ನ ಪ್ರಶ್ನೆ. ಈ ಜಗಳ ನಮ್ಮಿಬ್ಬರಲ್ಲಿ ಹಳೆಯದು.

ಆ ಚಳಿಗಾಲದ ಶುರುವಿನಲ್ಲಿ ಅವನು ಫೋನು ಮಾಡಿದ. "ಪ್ರಭಾ ಮೇಡಂ, ಮೂಸೇದ್ದಾಂ. ನಂಗೂ ಸಾಕಾಯ್ತು. ಈ ಸಲ ಬರೋರಲ್ಲಿ ಒಬ್ರಾದ್ರೂ ಕೆಲಸ ಕೈಗೆ ತಗೊಂಡ್ರೆ ಸರಿ. ಇಲ್ದಿದ್ರೆ ಸಂಕ್ರಾಂತಿಗೆ 'ನಿಂತುಹೋಗಿದೆ' ಅಂತ ವೆಬ್‌ಸೈಟಲ್ಲಿ ಹಾಕ್ಬಿಡ್ತೀನಿ."

ಮೂಸೇದ್ದಾಂ ಅಂದರೆ ಮುಚ್ಚಿಬಿಡೋಣ. ಮುನಿರಾಜುವಿಗೆ ಬೇಜಾರಾದಾಗ ತೆಲುಗು ಬರುತ್ತದೆ. ಅದು ಬಾಯಿಮಾತಲ್ಲವೆಂದು ನನಗೆ ಗೊತ್ತಾಯಿತು. "ಮುಚ್ಚೋ ಮಾತು ಆಮೇಲೆ. ಈ ಸಲ ವಿಡಿಯೋ ಬೇಡ, ಬರೋರನ್ನ ಎದುರಿಗೆ ಕರೆಸಣ. ಜಾಗ ನಾನು ನೋಡ್ತೀನಿ" ಎಂದೆ.

ಜಾಗ ಎಂದರೆ ಇದೇ ಹುಳದ ಮನೆ. ಸರೋಜ ನನ್ನ ಕಾಲೇಜಿನ ದಿನಗಳ ಗೆಳತಿ. ಹುಳದ ಮನೆ ಅವಳ ಗಂಡನ ಮನೆಯವರದು, ಅದರ ಯಜಮಾನಿಕೆ ಅವಳ ಅತ್ತೆ ಪಾಪಮ್ಮನದು. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಅದು ಖಾಲಿ ಇರುತ್ತಿತ್ತು. ಉದ್ದನೆಯ ಮನೆ, ಒಳ್ಳೆಯ ಬೆಳಕು, ಬೇಕಾದಷ್ಟು ಜಾಗ. ಡಿಸೆಂಬರಿನ ಒಂದು ಶನಿವಾರ ಗೊತ್ತು ಮಾಡಿದೆವು. ಆ ಹೊತ್ತಿಗೆ ಗೂಡು ಬಿಡಿಸಿ ಮಾರಿ ಆಗಿರುತ್ತದೆ ಎಂದು ಸರೋಜ ಲೆಕ್ಕ ಹಾಕಿ ಹೇಳಿದ್ದಳು. ನಾವು ಬಿಡಿಭಾಗ ಬೆಸೆದು ಕಾರ್ಡು ಮಾಡಬೇಕಾಗಿದ್ದ ಹೊಸ ಬೋರ್ಡುಗಳ ಪೆಟ್ಟಿಗೆಯನ್ನು ಮುನಿರಾಜು ಒಂದು ತಿಂಗಳ ಮೊದಲೇ ತಂದು ಅಲ್ಲಿಯ ಉಗ್ರಾಣದ ಕೋಣೆಯಲ್ಲಿ ಇಟ್ಟು ಹೋಗಿದ್ದ.

ಲೆಕ್ಕ ಹಾಕಿದ್ದು ನಾವು, ಚಳಿಗೆ ಅದು ಗೊತ್ತಿರಲಿಲ್ಲ. ಆ ವರ್ಷ ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಹತ್ತು ಗಂಟೆಯಾದರೂ ಕರಗುತ್ತಿರಲಿಲ್ಲ. ಥಂಡಿಗೆ ಹುಳ ಮಂಕಾಗಿ, ಸೊಪ್ಪು ನಿಧಾನವಾಗಿ ತಿಂದು, ದಿನ ತಳ್ಳಿಕೊಂಡು ಬಂದವು. ಬರುವವರಿಗೆ ಹೇಳಿಯಾಗಿತ್ತು, ಜಗಲಿಯಲ್ಲೇ ಕೂತರಾಯಿತೆಂದು ನಾವು ದಿನ ಬದಲಿಸಲಿಲ್ಲ. ಶನಿವಾರ ಬೆಳಿಗ್ಗೆ ನಾನು ಬಸ್ಸಿಳಿದಾಗ ಸರೋಜ ಕೆದರಿದ ತಲೆಯಲ್ಲೇ ಎದುರು ಬಂದಳು.

"ಪ್ರಭಾ, ಹುಳ ಇವತ್ತೇ ಹಣ್ಣಾಗ್ಬಿಟ್ಟವೆ ಕಣೇ! ಒಟ್ಟಿಗೇ ಅಷ್ಟೂ! ಆಳುಗಳೆಲ್ಲ ಅವರೆಕಾಯಿ ಬಿಡಿಸಕ್ಕೆ ಹೋಗವ್ರೆ. ಏನ್ ಮಾಡ್ಲಿ?"

ಹುಳ ಹಣ್ಣಾಗುವುದು ಎಂದರೆ ಮೈ ಹಳದಿಯಾಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಎಲ್ಲ ಹಾಳು. ಆ ಹೊತ್ತಿಗೆ ಯಾರ ಮನೆಯದೇ ಆಗಲಿ, ಕೈ ಇದ್ದವರೆಲ್ಲ ಬರುತ್ತಾರೆ. ನಮ್ಮ ಹೊಸಬರು ಬಂದಿದ್ದು ಸರಿಯಾಗಿ ಆಗಲೇ. ಐದಾರು ಜನ, ಬೆನ್ನಿಗೆ ಬ್ಯಾಗು. ಹಿಂದೆಯೇ ಮುನಿರಾಜು, ಲ್ಯಾಪ್‌ಟಾಪು ಮತ್ತು ಭಾಷಣದ ಸಮೇತ.

"ವೆಲ್‌ಕಮ್" ಎಂದು ಅವನು ಬಾಯಿ ತೆರೆದ. ಪಾಪಮ್ಮ ಬಾಗಿಲಿಗೆ ಬಂದಳು.

"ಬಂದ್ರಾ? ಬನ್ನಿ ಬನ್ನಿ, ದೇವ್ರು ಕಳಿಸ್ದಂಗೆ ಬಂದ್ರಿ. ಕೈ ತೊಳ್ಕಳಿ, ಈ ಗೋಣಿತಾಟಿನ ಮ್ಯಾಲೆ ಕಾಲ್ ಒರೆಸ್ಕಳಿ, ಒಳಿಕ್ಕೆ ನಡೀರಿ." ಆಮೇಲೆ ಮೂಗು ಅರಳಿಸಿ ಒಬ್ಬನ ಮುಂದೆ ನಿಂತಳು. "ಏನಪ್ಪಾ ಇದು ಘಮಲು, ಮದ್ವೆ ಗಂಡಿನಂಗೆ? ಸೆಂಟು ಹಾಕ್ಕಂಡು ಬಂದ್ರೆ ನನ್ ಹುಳ ಉಳೀತವಾ? ಹೋಗು, ತೊಟ್ಟಿ ತಾವ ನೀರ್ ಹುಯ್ಕಂಡು ಬಾ."

ಅವನು ಗೌರಿಬಿದನೂರಿನ ಗಿರೀಶ. ಶಾಲೆಯೊಂದರಲ್ಲಿ ಚಿತ್ರಕಲೆ ಮೇಷ್ಟ್ರು, ಪರದೆಯ ಮೇಲೆ ಬಣ್ಣ ಹೇಗೆ ಹುಟ್ಟುತ್ತದೆಂದು ತಿಳಿಯುವ ಹುಚ್ಚಿಗೆ ಎರಡು ಬಸ್ಸು ಬದಲಿಸಿ ಬಂದಿದ್ದ. ಡಿಸೆಂಬರಿನ ಮಂಜಿನಲ್ಲಿ ಕೊಳವೆ ಬಾವಿಯ ನೀರು ಸುರಿದುಕೊಂಡು, ಸರೋಜಳ ಗಂಡನ ಲುಂಗಿ ಉಟ್ಟು, ಹಲ್ಲು ಕಟಕಟಿಸುತ್ತ ಬಂದ. ಇವನು ಇವತ್ತೇ ವಾಪಸ್ಸು ಎಂದುಕೊಂಡೆ. ಮುನಿರಾಜು ನನ್ನನ್ನು ನೋಡಿದ ನೋಟದಲ್ಲೂ ಅದೇ ಇತ್ತು.

ಆ ಬಾಗಿಲು ದಾಟುವಾಗ ನನಗೆ ಪ್ರತಿ ಸಲ ಅಮ್ಮ ನೆನಪಾಗುತ್ತಾಳೆ. ಅಮ್ಮ ಹುಟ್ಟಿದ್ದು ಇದೇ ಸೀಮೆಯಲ್ಲಿ, ಮಂಡಿಕಲ್ಲಿನ ಕಡೆಗೆ ಮದುವೆಯಾಗಿ ಹೋದವಳು. ಹುಡುಗಿಯಾಗಿದ್ದಾಗ ಇಂಥ ಮನೆಗಳಿಗೆ ಸೊಪ್ಪಿನ ಹೊರೆ ಹೊತ್ತು ತಂದು ಜಗಲಿಯ ಮೇಲೆ ಇಳಿಸಿ, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದಳು. ನಮ್ಮ ಜನ ಒಳಗೆ ಬಂದರೆ ಹುಳ ಕೆಡುತ್ತದೆಂದು ಆಗಿನವರ ಮಾತು. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ, ಸರೋಜಳ ಮನೆಯ ಗೋಡೆಯ ಮೇಲೆ ವೆಂಕಟರಮಣ, ಅಡುಗೆಮನೆಗಳ ನಡುವೆ ಓಡಾಟ. ಆದರೂ "ಒಳಗೆ ಬಾ" ಎಂಬ ಮಾತು ನನ್ನ ಕಿವಿಗೆ ಸಣ್ಣ ಮಾತಲ್ಲ. ಕಾರ್ಡಿನ ಒಳಗನ್ನು ಎಲ್ಲರಿಗೂ ತೆರೆದಿಡಬೇಕೆಂಬ ಹಟ ನನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಅಮ್ಮ ನಿಂತಿದ್ದ ಆ ಜಗಲಿಯನ್ನು ತೋರಿಸುತ್ತೇನೆ.

ಬೆಳಿಗ್ಗೆಯೆಲ್ಲ ಹುಳ ಆಯ್ದೆವು. ಸನಾ ಎಂಬ ಹುಡುಗಿ ನನ್ನ ಪಕ್ಕದಲ್ಲಿದ್ದಳು. ಶಿಡ್ಲಘಟ್ಟದವಳು, ಎಂಜಿನಿಯರಿಂಗ್ ಮುಗಿಸಿದ್ದಳು. ಅವಳ ಅಪ್ಪನದು ಗೂಡಿನಿಂದ ನೂಲು ತೆಗೆಯುವ ಸಣ್ಣ ಕಾರ್ಖಾನೆ. ಹುಟ್ಟಿದಂದಿನಿಂದ ಗೂಡು ನೋಡಿದ್ದಳೇ ಹೊರತು ಹುಳ ಮುಟ್ಟಿರಲಿಲ್ಲ. ಮೊದಲನೆಯದನ್ನು ಎತ್ತಿದಾಗ ಕಣ್ಣು ಮುಚ್ಚಿಕೊಂಡಿದ್ದಳು.

"ಅಜ್ಜಿ, ತಣ್ಣಗೈತೆ! ಮೆತ್ತಗೈತೆ!"

"ಹೂಂ ಕಣವ್ವ. ಹಿಚುಕ್‌ಬ್ಯಾಡ. ಕೂಸು ಎತ್ಕಂಡಂಗೆ ಎತ್ತು" ಎಂದಳು ಪಾಪಮ್ಮ.

ಕೈ ಆಡುತ್ತಿದ್ದಂತೆ ಬಾಯಿಗಳೂ ತೆರೆದವು. ಚಿತ್ರ ಪರದೆಗೆ ಹೇಗೆ ಹೋಗುತ್ತದೆ ಎಂದು ಗಿರೀಶ ಕೇಳಿದ. ಕೈಯಲ್ಲಿದ್ದ ಚಂದ್ರಿಕೆ ಎತ್ತಿ ಹಿಡಿದು, ಸಾಲು ಸಾಲಾಗಿ ಒಂದೊಂದೇ ಹುಳ ಬಿಡುತ್ತ ಹೋಗುವ ಹಾಗೆ ಕಾರ್ಡು ಒಂದೊಂದು ಚುಕ್ಕಿಗೆ ಬಣ್ಣ ಬಿಡುತ್ತ ಹೋಗುತ್ತದೆ ಎಂದು ತೋರಿಸಿದೆ. ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎಂದು ಸನಾ ಕೇಳಿದಳು. ಉತ್ತರ ಕೊಟ್ಟಿದ್ದು ನಾನಲ್ಲ, ಅಲ್ಲಿಯವರೆಗೆ ಮುಖ ಗಂಟಿಕ್ಕಿಕೊಂಡು ಹುಳ ಆಯುತ್ತಿದ್ದ ಮುನಿರಾಜು. ಹೇಳುತ್ತ ಹೇಳುತ್ತ ಅವನು ತನ್ನ ಭಾಷಣದ ಅರ್ಧವನ್ನು ಅಲ್ಲೇ ಮುಗಿಸಿದ್ದ, ಅದು ಭಾಷಣವೆಂದು ಅವರಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಹೊರಗೆ ಜಗಲಿಯ ಮೇಲೆ ಅವನ ಲ್ಯಾಪ್‌ಟಾಪಿನ ಚೀಲದ ಮೇಲೆ ಒಂದು ಕೋಳಿ ಆರಾಮಾಗಿ ಕೂತಿತ್ತು.

ಮಧ್ಯಾಹ್ನದ ಮೇಲೆ ಕೆಲಸ ಒಂದು ಹದಕ್ಕೆ ಬಂತು. ಹಿತುಕಿದ ಅವರೆಬೇಳೆ ಸಾರು, ಮುದ್ದೆ ಉಂಡು, ಇನ್ನು ನಮ್ಮ ಕೆಲಸ ನೋಡೋಣವೆಂದು ಮುನಿರಾಜು ಉಗ್ರಾಣದಿಂದ ಬೋರ್ಡಿನ ಪೆಟ್ಟಿಗೆ ತಂದು ಜಗಲಿಯಲ್ಲಿ ತೆರೆದ. ನಾನು ಬಗ್ಗಿ ನೋಡಿದೆ. ಹೊಸ ಕಾಸಿನ ಹಾಗೆ ಹೊಳೆಯಬೇಕಾಗಿದ್ದ ತಾಮ್ರವೆಲ್ಲ ಕರ್ರಗಾಗಿತ್ತು.

ಇಂಥ ತಪ್ಪು ನಮ್ಮಂಥವರು ಮಾತ್ರ ಮಾಡಲು ಸಾಧ್ಯ. ಹುಳದ ಮನೆಯನ್ನು ಬೆಳೆಗೆ ಮುಂಚೆ ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯುತ್ತಾರೆ, ಅದರ ಮೂಟೆ ಇರುವುದು ಅದೇ ಉಗ್ರಾಣದಲ್ಲಿ. ನಮ್ಮ ಬೋರ್ಡುಗಳಿಗೆ ತವರದ ಲೇಪನ ಇರಲಿಲ್ಲ, ಬರಿ ತಾಮ್ರ. ಒಂದು ತಿಂಗಳು ಆ ಘಾಟು ಕುಡಿದರೆ ಕಪ್ಪಾಗದೆ ಇನ್ನೇನಾಗುತ್ತದೆ? ಮುನಿರಾಜು ಐರನ್ ಕಾಯಿಸಿ ಒಂದು ಬೆಸುಗೆ ಹಾಕಿ ನೋಡಿದ. ಕರಗಿದ ತವರ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ಉರುಳಿ ಬಿತ್ತು.

"ಅಯಿಪೋಯಿಂದಿ" ಎಂದ. ಮುಗಿಯಿತು ಎಂದು. "ಮತ್ತೆ ಮಾಡಿಸಿ ತರಿಸ್ಬೇಕು ಅಂದ್ರೆ ಸಂಕ್ರಾಂತಿ ಕಳೆಯುತ್ತೆ. ಇರ್ಲಿ ಬಿಡಿ ಮೇಡಂ, ಇದೂ ಒಂದು ಸೂಚನೆ ಅನ್ಕಳಣ."

ಇಷ್ಟು ವರ್ಷದ ಕೆಲಸ ಒಂದು ಮೂಟೆ ಪೌಡರಿಗೆ ಹೋಗುತ್ತದಲ್ಲ ಎಂದು ನನಗೆ ಸಿಟ್ಟು ಬಂತು. ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಗ ಸನಾ ಒಂದು ಬೋರ್ಡು ಎತ್ತಿ ಬಿಸಿಲಿಗೆ ಹಿಡಿದಳು.

"ಮೇಡಂ, ನಮ್ಮನೇಲಿ ದೊಡ್ಡ ತಾಮ್ರದ ದೇಗ್ಚಾ ಐತೆ. ಹಬ್ಬಕ್ಕೆ ಮುಂಚೆ ಹಿಂಗೇ ಕಪ್ಪಾಗಿರುತ್ತೆ. ಅಮ್ಮಿ ಹುಣಸೆಹಣ್ಣು ಹಾಕಿ ಉಜ್ತಾರೆ. ಇದೂ ತಾಮ್ರನೇ ತಾನೇ?"

"ಬೋರ್ಡಿಗೆ ಹುಣಸೆಹಣ್ಣಾ! ಒಗ್ಗರಣೆನೂ ಹಾಕ್ಬಿಡಣ, ಸಾರಾಗುತ್ತೆ!" ಎಂದ ಮುನಿರಾಜು.

ನಾನು ನಗಲಿಲ್ಲ. ಹುಳಿ ಕಪ್ಪನ್ನು ಕರಗಿಸುತ್ತದೆ, ಅದರಲ್ಲಿ ಮೋಸವಿಲ್ಲ. ಸರೋಜ ಆಗಲೇ ಹುಣಸೆಹಣ್ಣಿನ ಜೊತೆ ಉಪ್ಪಿನ ಡಬ್ಬಿಯನ್ನೂ ತಂದಿದ್ದಳು. "ಉಪ್ಪು ಬೇಡ. ಉಪ್ಪು ಒಳಗೆ ಉಳಿದ್ರೆ ಆಮೇಲೆ ತಾಮ್ರ ತಿನ್ನುತ್ತೆ. ಬರೀ ಹುಣಸೆ. ತೊಳೆಯೋದು ಬೋರಿನ ಉಪ್ಪುನೀರಲ್ಲಿ ಅಲ್ಲ, ಕ್ಯಾನಿನ ನೀರಲ್ಲಿ" ಎಂದೆ. ಹೊಸಬರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತು, ಹಬ್ಬದ ಹಿಂದಿನ ದಿನ ಪೂಜೆಯ ಪಾತ್ರೆ ಬೆಳಗುವ ಹಾಗೆ ಬೋರ್ಡು ಬೆಳಗಿದರು. ಲುಂಗಿಯ ಗಿರೀಶ ಉಜ್ಜಿದ್ದು ನೋಡಬೇಕಿತ್ತು. ತೊಳೆದು ಚಾಪೆಯ ಮೇಲೆ ಬಿಸಿಲಿಗೆ ಹರವಿದರೆ, ತಾಮ್ರ ಕೆಂಪಗೆ ಹೊಳೆಯಿತು. ಮುನಿರಾಜು ಒಂದನ್ನು ಎತ್ತಿಕೊಂಡು ಬೆಸುಗೆ ಹಾಕಿದ. ತವರ ಹರಡಿ ಕೂತಿತು. ಅವನು ಇನ್ನೊಂದು ಹಾಕಿದ, ಆಮೇಲೆ ಮತ್ತೊಂದು.

ಸಂಜೆ ಎಲ್ಲರೂ ಹೊರಟು ನಿಂತಾಗ ಪಾಪಮ್ಮ ಬಾಗಿಲಿಗೆ ಅಡ್ಡ ನಿಂತಳು. ನಮ್ಮ ಕಡೆ ಒಂದು ಪದ್ಧತಿ. ಒಬ್ಬರ ಮನೆಯ ಕೆಲಸಕ್ಕೆ ಕೈ ಹಾಕಿದರೆ ಆ ಮನೆಯವರು ಇವರ ಮನೆಯ ಕೆಲಸಕ್ಕೆ ಬರಬೇಕು. ಅದಕ್ಕೆ ಮುಯ್ಯಿ ಎನ್ನುತ್ತಾರೆ, ಅದನ್ನು ಉಳಿಸಿಕೊಂಡರೆ ಮರ್ಯಾದೆಯಲ್ಲ.

"ನಮ್ಮನೇಲಿ ಕೈ ಹಾಕಿದ್ರಿ. ನಿಮ್ ಮನೇಲಿ ಕೆಲಸ ಯಾವತ್ತು ಹೇಳಿ. ನಾನ್ ಬರ್ತೀನಿ."

ಹೊಸಬರು ತಬ್ಬಿಬ್ಬಾದರು. ಅವರ ಮನೆಗಳಲ್ಲಿ ಹುಳವಿಲ್ಲ, ಹೊಲವಿಲ್ಲ. "ಏನೂ ಬೇಡ ಅಜ್ಜಿ" ಎಂದ ಒಬ್ಬ. "ಬ್ಯಾಡ ಅಂದ್ರೆ ಹೆಂಗಪ್ಪ?" ಎಂದು ಪಾಪಮ್ಮ ಅವನನ್ನು ಗದರಿಸಿದಳು. ಸನಾ ಕೈಯಲ್ಲಿದ್ದ ಬೋರ್ಡನ್ನು ದುಪಟ್ಟಾದಲ್ಲಿ ಸುತ್ತಿಕೊಳ್ಳುತ್ತಿದ್ದಳು.

"ಮುಂದಿನ ಭಾನುವಾರ ನಮ್ಮನೇಲಿ ಈ ಬೋರ್ಡ್ ಕೆಲಸ ಐತೆ ಅಜ್ಜಿ. ಶಿಡ್ಲಘಟ್ಟಕ್ಕೆ ಬನ್ನಿ. ಎಲ್ಲಾರೂ ಬನ್ನಿ" ಎಂದಳು.

ಅವಳಿಗೆ ಯಾರೂ ಆ ಕೆಲಸ ಒಪ್ಪಿಸಿರಲಿಲ್ಲ. ಕೇಳಿಯೂ ಇರಲಿಲ್ಲ. ಬೋರ್ಡು ತನ್ನ ಮನೆಯ ಕೆಲಸವೆಂದು ಅವಳೇ ಹೇಳಿಬಿಟ್ಟಳು. ನಾನು ಮುನಿರಾಜುವಿನ ಮುಖ ನೋಡಿದೆ. ಅವನು ಕೋಳಿಯನ್ನು ಓಡಿಸಿ ಲ್ಯಾಪ್‌ಟಾಪಿನ ಚೀಲ ಒರೆಸುವುದರಲ್ಲಿ ಮಗ್ನನಾಗಿದ್ದ.

ಮುಂದಿನ ಭಾನುವಾರ ಪಾಪಮ್ಮ ನಿಜವಾಗಿಯೂ ಹೋದಳು, ಒಂದು ಚೀಲ ಅವರೆಕಾಯಿಯೊಂದಿಗೆ. ಸನಾಳ ಮನೆಯ ಮಹಡಿಯಲ್ಲಿ, ಕೆಳಗೆ ನೂಲಿನ ರಾಟೆಗಳು ಗರಗರ ತಿರುಗುವ ಸದ್ದಿನ ನಡುವೆ, ಸನಾ ಮತ್ತು ಇನ್ನಿಬ್ಬರು ಬೆಸೆದರು. ಪಾಪಮ್ಮ ಟಾರ್ಚು ಹಿಡಿದಳು. ಸನಾಳ ಅಮ್ಮಿ ಚಹಾ ಕೊಟ್ಟು, ಅಜ್ಜಿಯ ಜೊತೆ ಕೂತು ಅವರೆಕಾಯಿ ಬಿಡಿಸಿದರು. ನಾನು ಭೂತಗನ್ನಡಿ ಹಿಡಿದು ಕೂತಿದ್ದೆನಷ್ಟೆ, ನನಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕಾಣದ್ದಕ್ಕೆ ಬೇಸರವಾಗದಿದ್ದದ್ದು ಅದೇ ಮೊದಲ ಸಲ. ಒಂದು ಭಾನುವಾರ ಇನ್ನೊಂದನ್ನು ಎಳೆದುಕೊಂಡು ಬಂತು. ಇವರ ಮುಯ್ಯಿ ಅವರಿಗೆ, ಅವರ ಮುಯ್ಯಿ ಇವರಿಗೆ, ತೀರುವ ಮಾತೇ ಇರಲಿಲ್ಲ. ಬಂದವರಲ್ಲಿ ಒಂದಿಬ್ಬರು ಬಿಟ್ಟುಹೋದರು, ಅದು ಎಲ್ಲ ಕಡೆ ಇದ್ದದ್ದೇ. ತೊಟ್ಟಿಯ ನೀರು ಹುಯ್ದುಕೊಂಡ ಗಿರೀಶ ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ.

ಮೊದಲ ಬೋರ್ಡಿಗೆ ಪರದೆ ಜೋಡಿಸಿದ ದಿನ ಚಿತ್ರ ಬಂತು, ಆದರೆ ಕೆಂಪು ಬಣ್ಣ ಬರಲಿಲ್ಲ. ಗಿರೀಶ ಬರೆದಿದ್ದ ಚಂದ್ರಿಕೆಯ ಚಿತ್ರ ಹಸಿರು ನೀಲಿಯಾಗಿ ಪಾಚಿ ಹಿಡಿದ ಹಾಗೆ ಕಂಡಿತು. ಮುನಿರಾಜು ತನ್ನ ಲೆಕ್ಕದಲ್ಲಿ ತಪ್ಪಿದೆಯೇನೋ ಎಂದು ಹುಡುಕಲು ಕೂತ. ಸನಾ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಲೆಯ ಒಂದು ಬಿಡಿಭಾಗದ ಕಾಲಿನ ಅಡಿಯಲ್ಲಿ ಹುಣಸೆ ತಾಗದೆ ಉಳಿದ ಒಂದು ಕಪ್ಪು ಚುಕ್ಕೆ ಹಿಡಿದಳು. ಬಿಚ್ಚಿ, ಉಜ್ಜಿ, ಮತ್ತೆ ಬೆಸೆದಳು. ಕೆಂಪು ಬಂತು. ಬಿದಿರಿನ ಬಣ್ಣ, ಹಳದಿ ಗೂಡುಗಳು, ಎಲ್ಲವೂ ಬಂದವು. "ನಮ್ ಚಂದ್ರಿಕೆ ಕಣವ್ವ ಇದು!" ಎಂದು ಪಾಪಮ್ಮ ಪರದೆ ಮುಟ್ಟಿ ನೋಡಿದಳು. ನಾನು ಅತ್ತುಬಿಟ್ಟೆ.

ಸಂಕ್ರಾಂತಿಯ ದಿನ ಮುನಿರಾಜು ಎಳ್ಳುಬೆಲ್ಲ ಹಿಡಿದು ನಮ್ಮ ಮನೆಗೆ ಬಂದ. ಮುಖ ಕೆಂಪಗಿತ್ತು. "ನೋಡಿ ಮೇಡಂ, ಆ ಸನಾ ನನ್ನನ್ನ ಒಂದ್ ಮಾತೂ ಕೇಳ್ದೆ ಮುಂದಿನ ಬೋರ್ಡಿನ ನಕ್ಷೆ ಬದಲಾಯಿಸವ್ಳೆ! ತವರದ ಲೇಪನ ಸೇರಿಸವ್ಳೆ. ಬಿಡಿಭಾಗ ದೂರ ದೂರ ಇಟ್ಟವ್ಳೆ. ನಿಮ್ಮಂಥೋರ ಕಣ್ಣಿಗೂ ಕಾಣ್ಲಿ ಅಂತಂತೆ!"

"ಚೆನ್ನಾಗೈತಾ?" ಎಂದು ಕೇಳಿದೆ.

ಅವನು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದ. "ಚೆನ್ನಾಗೈತೆ" ಎಂದ. 'ನಿಂತುಹೋಗಿದೆ' ಎಂದು ವೆಬ್‌ಸೈಟಿನಲ್ಲಿ ಹಾಕುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ನನ್ನ ಕಣ್ಣಿಗೆ ಆಪರೇಷನ್ ಆಯಿತು, ಮಗಳ ಬಾಣಂತನ ಬಂತು, ನಾನು ಬರುವುದು ಕಡಿಮೆಯಾಗಿ ಕೊನೆಗೆ ನಿಂತೇಹೋಯಿತು. ಕಾರ್ಡು ನಿಲ್ಲಲಿಲ್ಲ. ಈಗ ಹೊಸಬರನ್ನು ಕರೆಯುವುದು ಸನಾ. ಭಾಷಣವಿಲ್ಲ. ಬಂದವರ ಕೈಗೆ ಮೊದಲು ಒಂದು ಕಪ್ಪಾದ ಹಳೆಯ ಬೋರ್ಡು, ಒಂದು ಉಂಡೆ ಹುಣಸೆಹಣ್ಣು ಕೊಡುತ್ತಾರೆ. ಈಗಿನ ಬೋರ್ಡುಗಳಿಗೆ ಅದರ ಅಗತ್ಯವೇ ಇಲ್ಲವೆಂದು ಮುನಿರಾಜು ಇವತ್ತಿಗೂ ಗೊಣಗುತ್ತಾನೆ, ಹುಣಸೆಹಣ್ಣು ತರುವವನೂ ಅವನೇ.

ಇಷ್ಟೂ ನೆನೆಯುತ್ತ ಕಳೆದ ಭಾನುವಾರ ನಾನು ಜಗಲಿಯ ಮೇಲೆಯೇ ನಿಂತಿದ್ದೆ. ಒಳಗಿನಿಂದ ಒಬ್ಬ ಹುಡುಗಿ ಬಂದಳು. ನಾನು ಅವಳನ್ನು ಕಂಡವಳಲ್ಲ, ಅವಳೂ ನನ್ನನ್ನು ಕಂಡಿಲ್ಲ.

"ಯಾಕ್ ಆಂಟಿ ಹೊರಗಡೆನೇ ನಿಂತಿದ್ದೀರಾ? ಹೊಸಬರಾ? ಒಳಗೆ ಬನ್ನಿ. ಏನೂ ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ, ಇಲ್ಲಿ ಎಲ್ಲಾರೂ ಹಂಗೇ ಬಂದಿದ್ದು."

ಅವಳ ಹಿಂದೆ, ಕಿಟಕಿಯ ಹತ್ತಿರ ಕೂತಿದ್ದ ಸನಾ ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು, ನಾನು ಯಾರೆಂದು ಹೇಳಲು ಬಾಯಿ ತೆರೆದಳು. ನಾನು ತಲೆಯಾಡಿಸಿ ಬೇಡವೆಂದೆ. ಕೈ ತೊಳೆದುಕೊಂಡು, ಕಾಲು ಒರೆಸಿಕೊಂಡು ಒಳಗೆ ಹೋದೆ. ಹುಡುಗಿ ಚಾಪೆಯ ಮೇಲೆ ಜಾಗ ಮಾಡಿಕೊಟ್ಟು ಒಂದು ಕಪ್ಪು ಬೋರ್ಡು ಕೈಗಿತ್ತಳು, ಹುಣಸೆಹಣ್ಣು ಮುರಿದು ಕೊಟ್ಟಳು.

"ಉಪ್ಪು ಮಾತ್ರ ಹಾಕ್ಬಾರದು ಆಂಟಿ" ಎಂದಳು.

"ಯಾಕಮ್ಮ?" ಎಂದು ಕೇಳಿದೆ.

ಅವಳು ನನ್ನ ಪಕ್ಕದಲ್ಲಿ ಕೂತು ಹೇಳಿಕೊಡತೊಡಗಿದಳು.